ಸುಲಿದ ಚರ್ಮಕ್ಕೆ ಮುಲಾಮಿಗಿಂತ ಮೊದಲು ಬೇಕಾದದ್ದು

ಪ್ರಶ್ನೆ: ನಾವು ಮೂಡಿಗೆರೆ ತಾಲ್ಲೂಕಿನ ಹಳ್ಳಿಯವರು. ನಮ್ಮ ಅತ್ತೆಯವರಿಗೆ 76 ವರ್ಷ. ಐದು ತಿಂಗಳ ಹಿಂದೆ ಲಕ್ವ ಹೊಡೆದು ಬಲಭಾಗ ಸ್ವಾಧೀನ ತಪ್ಪಿದೆ, ಮಾತು ಸ್ಪಷ್ಟವಿಲ್ಲ, ಮಲ ಮೂತ್ರ ಎರಡರ ಮೇಲೂ ಹಿಡಿತವಿಲ್ಲ. ಮೂರು ವಾರಗಳಿಂದ ಒಳತೊಡೆ, ತೊಡೆಸಂದು ಮತ್ತು ಪೃಷ್ಠದ ಸೀಳಿನ ಎರಡೂ ಬದಿಯ ಚರ್ಮ ಕಪ್ಪುಗೆಂಪಾಗಿ, ಅಲ್ಲಲ್ಲಿ ಸುಲಿದು, ನೀರು ಒಸರುತ್ತಿದೆ. ಮೊದಲು ಒಂದು ವಾರ ಮಲವೇ ಆಗಿರಲಿಲ್ಲ. ಈಗ ದಿನಕ್ಕೆ ಐದಾರು ಸಲ ತೆಳ್ಳಗೆ ಸೋರುತ್ತದೆ. ಪ್ರತಿ ಸಲವೂ ಆಂಟಿಸೆಪ್ಟಿಕ್ ಬೆರೆಸಿದ ಬಿಸಿನೀರು ಮತ್ತು ಸೋಪಿನಿಂದ ಚೆನ್ನಾಗಿ ಉಜ್ಜಿ ತೊಳೆದು ಪೌಡರ್ ಹಾಕುತ್ತೇನೆ. ರಾತ್ರಿ ಒಂದರ ಮೇಲೊಂದು ಎರಡು ಡೈಪರ್ ಕಟ್ಟುತ್ತೇನೆ. ಮುಟ್ಟಿದರೆ ಕಿರುಚುತ್ತಾರೆ. ನೋಡಲು ಬಂದವರು ಇದು ಹಾಸಿಗೆ ಹುಣ್ಣು, ನೋಡಿಕೊಳ್ಳುವುದು ಸಾಲದು ಎನ್ನುತ್ತಾರೆ. ಯಾವ ಮುಲಾಮು ಹಚ್ಚಬೇಕು?

ಉತ್ತರ: ನೀವು ಯಾವ ಯಾವ ಜಾಗದಲ್ಲಿ ಚರ್ಮ ಕೆಟ್ಟಿದೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ಬರೆದಿರುವುದರಿಂದ ನನ್ನ ಕೆಲಸ ಅರ್ಧ ಹಗುರವಾಗಿದೆ. ಒಳತೊಡೆ ಮತ್ತು ತೊಡೆಸಂದಿನಲ್ಲಿ ಮೂಳೆಯ ಒತ್ತಡ ಬೀಳುವುದಿಲ್ಲ; ಅಲ್ಲಿ ಬೀಳುವುದು ತೇವ ಮಾತ್ರ. ಆದ್ದರಿಂದ ನೀವು ವಿವರಿಸಿದ್ದು ಬಹುಮಟ್ಟಿಗೆ ಹಾಸಿಗೆ ಹುಣ್ಣಲ್ಲ, ಮಲ ಮೂತ್ರದ ಸಂಪರ್ಕದಿಂದ ಚರ್ಮ ಬೆಂದಂತಾಗಿರುವ ಸ್ಥಿತಿ. ನೋಡಿಕೊಳ್ಳುವುದು ಸಾಲದು ಎಂದವರ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ದಿನಕ್ಕೆ ಐದಾರು ಸಲ ತೊಳೆಯುವವರು ನಿರ್ಲಕ್ಷ್ಯ ಮಾಡುವವರಲ್ಲ. ತೊಂದರೆ ಇರುವುದು ತೊಳೆಯುವ ರೀತಿಯಲ್ಲಿ ಮತ್ತು ಮಲ ತೆಳ್ಳಗಾಗಿರುವ ಕಾರಣದಲ್ಲಿ. ಮುಲಾಮಿನ ಸರದಿ ಇವೆರಡರ ನಂತರ ಬರುತ್ತದೆ.

ಮೊದಲು ಮಲದ ವಿಷಯವನ್ನೇ ಎತ್ತಿಕೊಳ್ಳುತ್ತೇನೆ, ಏಕೆಂದರೆ ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ ಸಾಲು ಅದು. ಒಂದು ವಾರ ಮಲವಾಗದೆ ಇದ್ದು, ಆಮೇಲೆ ಇದ್ದಕ್ಕಿದ್ದಂತೆ ತೆಳ್ಳಗೆ, ಸ್ವಲ್ಪ ಸ್ವಲ್ಪವಾಗಿ, ಹಲವು ಸಲ ಸೋರತೊಡಗಿದರೆ ಅದನ್ನು ಭೇದಿ ಎಂದು ತೀರ್ಮಾನಿಸಬಾರದು. ಮಲಗಿದಲ್ಲೇ ಇರುವ ವೃದ್ಧರಲ್ಲಿ ಗಟ್ಟಿಯಾದ ಮಲ ಗುದನಾಳದಲ್ಲಿ ಗಡ್ಡೆಯಂತೆ ಕೂತುಬಿಡುತ್ತದೆ. ಅದರ ಹಿಂದೆ ನಿಂತ ದ್ರವರೂಪದ ಮಲ ಪಕ್ಕದ ಸಂದಿನಲ್ಲಿ ದಾರಿ ಮಾಡಿಕೊಂಡು ಹೊರಗೆ ಜಿನುಗುತ್ತದೆ. ಮನೆಯವರಿಗೆ ಕಾಣುವುದು ಭೇದಿ, ಒಳಗಿರುವುದು ಮಲಬದ್ಧತೆ. ಇಂಥವರಿಗೆ ಭೇದಿ ನಿಲ್ಲಿಸುವ ಮಾತ್ರೆ ಕೊಟ್ಟರೆ ಗಡ್ಡೆ ಇನ್ನಷ್ಟು ಬಿಗಿಯುತ್ತದೆ, ಸೋರುವುದು ನಿಲ್ಲುವುದಿಲ್ಲ. ವೈದ್ಯರೋ ನರ್ಸೋ ಕೈಗವಸು ಹಾಕಿಕೊಂಡು ಗುದದ್ವಾರದಲ್ಲಿ ಬೆರಳಿಟ್ಟು ಪರೀಕ್ಷಿಸಿದರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯುವುದು ಕಷ್ಟವಾದರೆ ನಿಮ್ಮ ಭಾಗದ ಆಶಾ ಕಾರ್ಯಕರ್ತೆಯ ಮೂಲಕ ಆರೋಗ್ಯ ಕೇಂದ್ರದವರನ್ನು ಮನೆಗೇ ಬರಲು ಕೇಳಿಕೊಳ್ಳಿ. ಈ ಪರೀಕ್ಷೆಯಾಗುವವರೆಗೆ ಭೇದಿ ಕಟ್ಟುವ ಯಾವ ಔಷಧವನ್ನೂ, ಮನೆಮದ್ದನ್ನೂ ಕೊಡಬೇಡಿ. ನೀವೇ ಬೆರಳು ಹಾಕಿ ತೆಗೆಯುವ ಪ್ರಯತ್ನವೂ ಬೇಡ. ಸುಲಿದ ಚರ್ಮದ ನಡುವೆ ಅದು ಗಾಯ ಮಾಡುತ್ತದೆ.

ಗಡ್ಡೆ ಇಲ್ಲವೆಂದು ಖಚಿತವಾದರೆ ಬೇರೆ ಕಾರಣಗಳನ್ನು ಹುಡುಕಬೇಕು. ಇತ್ತೀಚೆಗೆ ಆಂಟಿಬಯೋಟಿಕ್ ಕೊಟ್ಟಿದ್ದರೇ, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ನಡೆಯುತ್ತಿದೆಯೇ, ಮಲ ಸಡಿಲಿಸುವ ಔಷಧದ ಪ್ರಮಾಣ ಹೆಚ್ಚಾಗಿದೆಯೇ, ಮೂಗಿನ ನಳಿಕೆಯಲ್ಲಿ ಆಹಾರ ಹೋಗುತ್ತಿದೆಯೇ ಎಂಬುದನ್ನು ವೈದ್ಯರಿಗೆ ಹೇಳಿ. ಮೂತ್ರ ಒಂದೇ ಆದಾಗ ಚರ್ಮ ನಿಧಾನವಾಗಿ ಕೆಡುತ್ತದೆ, ತೆಳುಮಲ ಸೇರಿದರೆ ಒಂದೆರಡು ದಿನದಲ್ಲೇ ಸುಲಿಯಬಹುದು.

ಇದು ಏಕೆ ಹೀಗೆ ಎಂದು ತಿಳಿದರೆ ಮುಂದೆ ಹೇಳುವುದೆಲ್ಲ ಸುಲಭವಾಗಿ ಅರ್ಥವಾಗುತ್ತದೆ. ಆರೋಗ್ಯವಂತ ಚರ್ಮದ ಮೇಲ್ಮೈ ತುಸು ಆಮ್ಲೀಯವಾಗಿರುತ್ತದೆ. ಅದರ ಪಿಎಚ್, ಅಂದರೆ ಹುಳಿ ಅಥವಾ ಕ್ಷಾರದ ಅಳತೆ (7ಕ್ಕಿಂತ ಕೆಳಗೆ ಹುಳಿ, ಮೇಲೆ ಕ್ಷಾರ), ಸಾಮಾನ್ಯವಾಗಿ 4ರಿಂದ 6ರ ನಡುವೆ ಇರುತ್ತದೆ, ಮತ್ತು ಆ ಹುಳಿಯೇ ಚರ್ಮದ ಕಾವಲು. ಮೂತ್ರದಲ್ಲಿರುವ ಯೂರಿಯಾ ಬ್ಯಾಕ್ಟೀರಿಯಾಗಳ ಕೈಗೆ ಸಿಕ್ಕಿ ಅಮೋನಿಯಾ ಆಗುತ್ತದೆ, ಅದರಿಂದ ಚರ್ಮ ಕ್ಷಾರೀಯವಾಗುತ್ತದೆ. ಕ್ಷಾರೀಯ ವಾತಾವರಣದಲ್ಲಿ ಮಲದೊಳಗಿನ ಜೀರ್ಣಕಿಣ್ವಗಳು, ಅಂದರೆ ಕೊಬ್ಬನ್ನೂ ಪ್ರೋಟೀನನ್ನೂ ಕರಗಿಸುವ ಕಿಣ್ವಗಳು, ಚುರುಕಾಗಿ ಚರ್ಮದ ಮೇಲೆಯೇ ಕೆಲಸ ಶುರುಮಾಡುತ್ತವೆ. ಮಲ ತೆಳ್ಳಗಾದಷ್ಟೂ ಈ ಕಿಣ್ವಗಳು ಅದರಲ್ಲಿ ಹೆಚ್ಚು. ಈಗ ಇದರ ಮೇಲೆ ನೀವು ಹಾಕುವ ಸಾಧಾರಣ ಸ್ನಾನದ ಸೋಪನ್ನು ಯೋಚಿಸಿ: ಅದರ ಪಿಎಚ್ 9ರಿಂದ 10ರವರೆಗೆ ಇರುತ್ತದೆ. ಕ್ಷಾರದಿಂದ ಕೆಟ್ಟ ಚರ್ಮವನ್ನು ಮತ್ತಷ್ಟು ಕ್ಷಾರದಿಂದ ತೊಳೆದಂತಾಗುತ್ತದೆ. ನೀರಿನಲ್ಲಿ ನೆನೆದು ಮೆತ್ತಗಾದ ಚರ್ಮವನ್ನು ಟವೆಲಿನಿಂದ ಉಜ್ಜಿದರೆ ಹೊರಪದರ ಕಿತ್ತೇ ಬರುತ್ತದೆ.

ಇದನ್ನು ನಾನು ಪುಸ್ತಕದಿಂದ ಕಲಿತವಳಲ್ಲ. ಹಾಸನದಲ್ಲಿ ನರ್ಸಿಂಗ್ ವೃತ್ತಿ ಶುರುಮಾಡಿದ ಹೊಸತರಲ್ಲಿ, ಬೆನ್ನಿಗೆ ಸ್ಪಿರಿಟ್ ಸವರಿ ಪೌಡರ್ ಹಾಕುವುದೇ ನಮಗೆ ಹೇಳಿಕೊಟ್ಟ ಆರೈಕೆಯಾಗಿತ್ತು. ಒಮ್ಮೆ ಸಕಲೇಶಪುರದ ಕಡೆಯಿಂದ ಬಂದ ವೃದ್ಧೆಯೊಬ್ಬರನ್ನು ಸೋಪು ಹಚ್ಚಿ ಶ್ರದ್ಧೆಯಿಂದ ಉಜ್ಜಿ ಒರೆಸಿದೆ; ಬಿಳಿಯ ಟವೆಲಿನ ಮೇಲೆ ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಚರ್ಮದ ತುಂಡೊಂದು ಅಂಟಿಕೊಂಡು ಬಂತು. ಆ ತಾಯಿ ಅಳಲಿಲ್ಲ, ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡರು. ಆ ಹೊತ್ತಿಗೆ ಪಕ್ಕದಲ್ಲಿದ್ದ ಹಿರಿಯ ಸಿಸ್ಟರ್ ಟವೆಲನ್ನು ನನ್ನ ಕೈಯಿಂದ ತೆಗೆದುಕೊಂಡು, ಒಂದು ಚೊಂಬು ಉಗುರುಬೆಚ್ಚಗಿನ ನೀರು ತರಿಸಿ, ಉಜ್ಜದೆ ಹೇಗೆ ತೊಳೆಯುವುದೆಂದು ತೋರಿಸಿದರು. ಅಂದಿನಿಂದ ನಾನು ವಿದ್ಯಾರ್ಥಿನಿಯರಿಗೆ ಕಲಿಸುತ್ತ ಬಂದಿರುವುದು ಆ ಚೊಂಬಿನ ಪಾಠವನ್ನೇ, ನಿಮಗೂ ಅದನ್ನೇ ಹೇಳುತ್ತೇನೆ.

ತೊಳೆಯುವ ಮೊದಲು ಅತ್ತೆಯವರ ಮುಖದ ಎದುರಿಗೆ ಬಂದು, ಏನು ಮಾಡಲಿದ್ದೀರಿ ಎಂದು ಹೇಳಿ. ಮಾತು ಹೋದವರಿಗೆ ಕೇಳಿಸುವುದಿಲ್ಲ, ಅರ್ಥವಾಗುವುದಿಲ್ಲ ಎಂದು ನಾವು ಎಣಿಸಿಬಿಡುತ್ತೇವೆ. ಎಷ್ಟೋ ಸಲ ಅದು ತಪ್ಪು. ಬಾಗಿಲು ಮುಂದೆ ಮಾಡಿ, ಮಕ್ಕಳನ್ನು ಹೊರಗೆ ಕಳಿಸಿ, ಸೊಂಟದ ಮೇಲಿನ ಭಾಗವನ್ನು ಹೊದಿಸಿ. ಹಂಡೆಯ ನೀರನ್ನು ನೇರವಾಗಿ ಬಳಸಬೇಡಿ. ತಣ್ಣೀರು ಬೆರೆಸಿ, ನಿಮ್ಮ ಮಣಿಕಟ್ಟಿನ ಒಳಭಾಗಕ್ಕೆ ಹೊಯ್ದುಕೊಂಡಾಗ ಬಿಸಿಯೆನಿಸದಷ್ಟು ಮಾಡಿಕೊಳ್ಳಿ. ಆಂಟಿಸೆಪ್ಟಿಕ್ ದ್ರಾವಣ ಇಂದಿನಿಂದಲೇ ಬೇಡ. ಅದು ಸುಲಿದ ಚರ್ಮವನ್ನು ಸುಡುತ್ತದೆ, ಗಾಯ ಮಾಯಲು ಬೇಕಾದ ಹೊಸ ಜೀವಕೋಶಗಳನ್ನೂ ಕೆಡಿಸುತ್ತದೆ. ಅತ್ತೆಯವರು ಕಿರುಚುವುದಕ್ಕೆ ಬಹುಪಾಲು ಕಾರಣ ಅದೇ ಇರಬಹುದು.

ಆರೋಗ್ಯವಿರುವ ಪಕ್ಕಕ್ಕೆ ನಿಧಾನವಾಗಿ ಹೊರಳಿಸಿ, ಅಡಿಗೆ ಹೀರುವ ಹಾಸು ಹಾಕಿ. ಮುಚ್ಚಳಕ್ಕೆ ತೂತು ಮಾಡಿದ ನೀರಿನ ಬಾಟಲಿ ಇದ್ದರೆ ಬಹಳ ಅನುಕೂಲ. ಇಲ್ಲವಾದರೆ ಚೊಂಬಿನಿಂದ ಸಣ್ಣ ಧಾರೆಯಾಗಿ, ಮುಂದಿನಿಂದ ಹಿಂದಕ್ಕೆ ನೀರು ಬಿಡಿ, ಹಾಗಾದರೆ ಗುದದ ಕೊಳೆ ಮೂತ್ರದ್ವಾರಕ್ಕೆ ಬರುವುದಿಲ್ಲ. ಮಲ ಒಣಗಿ ಅಂಟಿದ್ದರೆ ಕೆರೆದು ತೆಗೆಯುವ ಗೋಜಿಗೆ ಹೋಗದೆ, ಹತ್ತಿಯನ್ನು ಕೊಬ್ಬರಿ ಎಣ್ಣೆಯಲ್ಲಿ ಅಥವಾ ಲಿಕ್ವಿಡ್ ಪ್ಯಾರಾಫಿನ್‌ನಲ್ಲಿ ನೆನೆಸಿ ಅದರ ಮೇಲೆ ಒಂದೆರಡು ನಿಮಿಷ ಇಟ್ಟುಬಿಡಿ, ತಾನಾಗಿಯೇ ಸಡಿಲವಾಗುತ್ತದೆ. ಸೋಪಿನ ಬದಲು, ಪಿಎಚ್ 5.5ರ ಆಸುಪಾಸಿನ, ಸೋಪಿಲ್ಲದ ಕ್ಲೆನ್ಸಿಂಗ್ ಲೋಷನ್ ಮೆಡಿಕಲ್ ಅಂಗಡಿಯಲ್ಲಿ ಸಿಗುತ್ತದೆ. ಮಲವಾದಾಗ ಅದನ್ನು ಸ್ವಲ್ಪ ಬಳಸಿ, ಬರೀ ಮೂತ್ರವಾದಾಗ ನೀರಷ್ಟೇ ಸಾಕು. ಆಮೇಲೆ ಒರೆಸಬೇಡಿ. ಹಳೆಯ ಹತ್ತಿ ಸೀರೆಯ ಅಥವಾ ಪಂಚೆಯ ಮೆತ್ತನೆಯ ತುಂಡನ್ನು ಚರ್ಮದ ಮೇಲಿಟ್ಟು ಅಂಗೈಯಿಂದ ಮೆಲ್ಲಗೆ ಒತ್ತಿ, ಎತ್ತಿ, ಇನ್ನೊಂದು ಕಡೆ ಇಡಿ. ಮಡಿಕೆಗಳನ್ನು ಬಿಡಿಸಿ ಒಳಗಿನ ತೇವವನ್ನೂ ಹೀಗೆಯೇ ತೆಗೆಯಿರಿ. ಐದು ಹತ್ತು ನಿಮಿಷ ಗಾಳಿಗೆ ಬಿಡಿ.

ಇಲ್ಲಿ ನಮ್ಮ ಮಲೆನಾಡಿನ ಮಾತೊಂದನ್ನು ಹೇಳಲೇಬೇಕು. ಮಳೆಗಾಲದಲ್ಲಿ ನಮ್ಮಲ್ಲಿ ಬಟ್ಟೆ ಒಣಗುವುದಿಲ್ಲ. ಬಚ್ಚಲೊಲೆಯ ಮೇಲೆ, ಅಟ್ಟದ ಕೆಳಗೆ ಹರವಿದ ಬಟ್ಟೆ ಮೂರು ದಿನವಾದರೂ ಒಳಗೆ ತಣ್ಣಗೇ ಇರುತ್ತದೆ. ಆ ಅರೆಒಣಗಿದ ಹಾಸನ್ನು ರೋಗಿಯ ಅಡಿಗೆ ಹಾಕಿದರೆ, ಮೂತ್ರವಿಲ್ಲದ ಹೊತ್ತಿನಲ್ಲೂ ಚರ್ಮ ನೆನೆಯುತ್ತಲೇ ಇರುತ್ತದೆ, ಫಂಗಸ್ ಬೆಳೆಯಲು ಅದಕ್ಕಿಂತ ಒಳ್ಳೆಯ ಜಾಗ ಬೇಕಿಲ್ಲ. ಚರ್ಮಕ್ಕೆ ತಾಗುವ ಬಟ್ಟೆಗಳನ್ನು ಇಸ್ತ್ರಿ ಮಾಡಿ, ಆರಿದ ಮೇಲೆ ಬಳಸಿ. ಒಗೆಯುವಾಗ ಸೋಪಿನ ಜಿಡ್ಡು ಪೂರ್ತಿ ಹೋಗುವಂತೆ ಎರಡು ಮೂರು ನೀರಿನಲ್ಲಿ ಜಾಲಿಸಿ. ರಬ್ಬರ್ ಶೀಟಿನ ಮೇಲೆ ನೇರವಾಗಿ ಮಲಗಿಸಬೇಡಿ.

ಈಗ ಮುಲಾಮಿನ ಪ್ರಶ್ನೆಗೆ ಬರುತ್ತೇನೆ. ನಿಮಗೆ ಬೇಕಾದದ್ದು ಗುಣಪಡಿಸುವ ಔಷಧಕ್ಕಿಂತ ಹೆಚ್ಚಾಗಿ, ಚರ್ಮಕ್ಕೂ ಮಲ ಮೂತ್ರಕ್ಕೂ ನಡುವೆ ನಿಲ್ಲುವ ಒಂದು ಗೋಡೆ. ಜಿಂಕ್ ಆಕ್ಸೈಡ್ ಇರುವ ಗಟ್ಟಿ ಮುಲಾಮು ತೆಳುಮಲಕ್ಕೆ ಚೆನ್ನಾಗಿ ತಡೆಯೊಡ್ಡುತ್ತದೆ. ಬರೀ ಮೂತ್ರಕ್ಕಾದರೆ ಪೆಟ್ರೋಲಿಯಂ ಜೆಲ್ಲಿ ಅಥವಾ ಡೈಮೆಥಿಕೋನ್ ಇರುವ ಕ್ರೀಮ್ ಸಾಕಾಗುತ್ತದೆ. ಪೆಟ್ರೋಲಿಯಂ ಜೆಲ್ಲಿಯನ್ನು ದಪ್ಪಗೆ ಬಳಿದರೆ ಅದು ಡೈಪರಿಗೆ ಮೆತ್ತಿಕೊಂಡು, ಡೈಪರ್ ಮೂತ್ರ ಹೀರದಂತಾಗುತ್ತದೆ, ತೆಳುವಾಗಿ ಸವರಿ. ಜಿಂಕ್ ಮುಲಾಮನ್ನು ಮಾತ್ರ, ಸುಲಿದ ಜಾಗ ಕಾಣದಂತೆ ಮುಚ್ಚುವಷ್ಟು ಹಚ್ಚಬಹುದು. ಪ್ರತಿ ಸಲ ಆ ಬಿಳಿಯ ಪದರವನ್ನು ಚರ್ಮ ಕಾಣುವವರೆಗೆ ತಿಕ್ಕಿ ತೆಗೆಯಬೇಕೆಂದು ಬಹಳ ಜನ ತಿಳಿದಿದ್ದಾರೆ, ಹಾಗೆ ಮಾಡಿಯೇ ಗಾಯ ದೊಡ್ಡದಾಗಿಸುತ್ತಾರೆ. ಮೇಲೆ ಮಲ ತಾಗಿದ ಪದರವನ್ನಷ್ಟೇ ಎಣ್ಣೆಯ ಹತ್ತಿಯಿಂದ ಜಾರಿಸಿ ತೆಗೆದು, ಉಳಿದದ್ದರ ಮೇಲೆಯೇ ಮತ್ತೆ ಹಚ್ಚಿ. ದಿನಕ್ಕೊಮ್ಮೆ ಪೂರ್ತಿ ತೆಗೆದು ಚರ್ಮವನ್ನು ನೋಡಿದರೆ ಸಾಕು.

ಪೌಡರ್ ನಿಲ್ಲಿಸಿ. ತೇವದಲ್ಲಿ ಅದು ಉಂಡೆಗಟ್ಟಿ ಮಡಿಕೆಗಳಲ್ಲಿ ಮರಳಿನಂತೆ ಉಜ್ಜುತ್ತದೆ.

ಇನ್ನೊಂದು ಎಚ್ಚರಿಕೆಯನ್ನು ನಾನು ಒತ್ತಿ ಹೇಳುತ್ತೇನೆ. ಅಂಗಡಿಯಲ್ಲಿ ಕಜ್ಜಿಗೆ ಏನಾದರೂ ಕೊಡಿ ಎಂದರೆ ಸ್ಟೀರಾಯ್ಡ್, ಫಂಗಸ್ ಔಷಧ, ಆಂಟಿಬಯೋಟಿಕ್ ಮೂರನ್ನೂ ಬೆರೆಸಿದ ಟ್ಯೂಬನ್ನು ಕೈಗಿಡುವುದು ನಮ್ಮಲ್ಲಿ ತೀರಾ ಸಾಮಾನ್ಯವಾಗಿದೆ. ಅದನ್ನು ಹಚ್ಚಿದ ಮೊದಲ ಎರಡು ಮೂರು ದಿನ ಕೆಂಪು ಇಳಿದು ನೆಮ್ಮದಿಯಾಗುತ್ತದೆ. ನಂತರ ಚರ್ಮ ಇನ್ನಷ್ಟು ತೆಳುವಾಗಿ, ಫಂಗಸ್ ಅಡಗಿ ಹರಡುತ್ತದೆ. ವೈದ್ಯರು ನೋಡಿ ಬರೆದುಕೊಡದ ಹೊರತು ಅದನ್ನು ಮನೆಗೆ ತರಬೇಡಿ.

ಫಂಗಸ್ ಸೇರಿದೆಯೇ ಎಂಬುದನ್ನು ನೀವೇ ಗುರುತಿಸಬಹುದು. ಕೆಂಪಾದ ಜಾಗದ ಅಂಚಿನಿಂದ ಹೊರಗೆ, ಮುಖ್ಯ ಪ್ರದೇಶಕ್ಕೆ ಅಂಟದೆ ಚದುರಿದಂತೆ ಸಣ್ಣ ಸಣ್ಣ ಕೆಂಪು ಚುಕ್ಕೆಗಳೋ ಬೊಕ್ಕೆಗಳೋ ಇದ್ದರೆ, ತುರಿಕೆಯಿದ್ದರೆ, ಮಡಿಕೆಯೊಳಗೆ ಬೆಳ್ಳಗಿನ ಪೊರೆ ಕಂಡರೆ ಅದು ಕ್ಯಾಂಡಿಡಾ ಎಂಬ ಫಂಗಸ್ ಇರಬಹುದು. ವೈದ್ಯರು ಸಾಮಾನ್ಯವಾಗಿ ಕ್ಲೋಟ್ರಿಮಜೋಲ್ ಶೇಕಡಾ 1ರ ಕ್ರೀಮನ್ನು ಸೂಚಿಸುತ್ತಾರೆ. ಅದನ್ನು ಮೊದಲು ಹಚ್ಚಿ, ಹೀರಿಕೊಂಡ ಮೇಲೆ ಜಿಂಕ್ ಮುಲಾಮನ್ನು ಅದರ ಮೇಲೆ ಹಚ್ಚಬೇಕು, ಎರಡನ್ನೂ ಬೆರೆಸಬಾರದು. ಬೆಲ್ಜಿಯಂನ ಗೆಂಟ್ ವಿಶ್ವವಿದ್ಯಾಲಯದವರ ಮುಂದಾಳುತನದಲ್ಲಿ 2017ರಲ್ಲಿ ರೂಪುಗೊಂಡ, ಮಲ ಮೂತ್ರದಿಂದ ಕೆಟ್ಟ ಚರ್ಮದ ವರ್ಗೀಕರಣದಲ್ಲೂ ಕೇಳುವ ಪ್ರಶ್ನೆಗಳು ಎರಡೇ: ಚರ್ಮ ಕೆಂಪಾಗಿದೆಯಷ್ಟೆಯೋ ಅಥವಾ ಸುಲಿದಿದೆಯೋ, ಸೋಂಕಿನ ಲಕ್ಷಣಗಳು ಇವೆಯೋ ಇಲ್ಲವೋ. ನೀವು ಪ್ರತಿದಿನ ಹಗಲು ಬೆಳಕಿನಲ್ಲಿ ಇವೆರಡನ್ನೇ ನೋಡಿಕೊಂಡು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ ವೈದ್ಯರಿಗೆ ತುಂಬಾ ಉಪಯೋಗವಾಗುತ್ತದೆ. ಪುಸ್ತಕಗಳಲ್ಲಿ ಕೆಂಪು ಎಂದು ಬರೆದಿರುತ್ತಾರೆ. ನಮ್ಮ ಕಂದು ಮೈಬಣ್ಣದಲ್ಲಿ ಅದು ಕೆಂಪಾಗಿಯೇ ಕಾಣಬೇಕೆಂದಿಲ್ಲ, ನೇರಳೆಯಾಗಿ ಅಥವಾ ಸುತ್ತಲಿನದಕ್ಕಿಂತ ಕಪ್ಪಾಗಿ ಕಾಣಬಹುದು. ಕೈಬೆರಳಿನ ಹಿಂಬದಿಯಿಂದ ಮುಟ್ಟಿ, ಪಕ್ಕದ ಚರ್ಮಕ್ಕಿಂತ ಬೆಚ್ಚಗಿದೆಯೇ, ಗಡುಸಾಗಿದೆಯೇ ಎಂದು ಹೋಲಿಸಿ.

ಹಾಸಿಗೆ ಹುಣ್ಣಲ್ಲ ಎಂದೆನಾದರೂ, ಅದು ಆಗುವುದೇ ಇಲ್ಲವೆಂದು ನನ್ನ ಮಾತಿನ ಅರ್ಥವಲ್ಲ. ಸೊಂಟದ ಕೆಳಗಿನ ತ್ರಿಕಾಸ್ಥಿ, ಹಿಮ್ಮಡಿ, ಸೊಂಟದ ಪಕ್ಕದ ಮೂಳೆ, ಇಂಥ ಎಲುಬು ಚಾಚಿದ ಜಾಗದಲ್ಲಿ, ಅಂಚು ಸ್ಪಷ್ಟವಾಗಿರುವ, ಆಳವಾದ ಅಥವಾ ಕಪ್ಪಾದ ಗಾಯ ಕಂಡರೆ ಅದು ಒತ್ತಡದ ಹುಣ್ಣು. ಬೆರಳಿನಿಂದ ಮೂರು ಸೆಕೆಂಡು ಒತ್ತಿ ಬಿಟ್ಟಾಗ ಬಣ್ಣ ಮಸುಕಾಗದೆ ಹಾಗೆಯೇ ಉಳಿದರೆ ಒಳಗಿನ ರಕ್ತಸಂಚಾರ ಕೆಟ್ಟಿದೆ ಎಂದು ಅರ್ಥ, ಕಪ್ಪು ಚರ್ಮದಲ್ಲಿ ಈ ಬದಲಾವಣೆ ಕಾಣದಿದ್ದರೆ ಬಿಸಿ ಮತ್ತು ಗಡಸುತನವನ್ನು ನಂಬಿ. ತೇವದಲ್ಲಿ ನೆನೆದ ಚರ್ಮ ಒತ್ತಡಕ್ಕೂ ಬೇಗ ಸೋಲುತ್ತದೆ, ಎರಡೂ ಒಟ್ಟಿಗೆ ಇರುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಆದ್ದರಿಂದ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಿ. ಪೂರ್ತಿ ಪಕ್ಕಕ್ಕೆ ಮಲಗಿಸದೆ ಬೆನ್ನಿಗೆ ದಿಂಬು ಕೊಟ್ಟು ಸುಮಾರು 30 ಡಿಗ್ರಿ ಓರೆಯಾಗಿ ಇಡಿ. ಎಳೆಯದೆ, ಹಾಸಿನ ಸಮೇತ ಇಬ್ಬರು ಎತ್ತಿ ಸರಿಸಿ. ಸುತ್ತಲೂ ಉಬ್ಬಿ ನಡುವೆ ತೂತಿರುವ ರಬ್ಬರ್ ವೃತ್ತವನ್ನು ಸೊಂಟದ ಅಡಿಗೆ ಹಾಕುವ ಹಳೆಯ ಪದ್ಧತಿ ಬೇಡ.

ಎರಡು ಡೈಪರ್ ಕಟ್ಟುವುದನ್ನು ಬಿಡಿ. ಒಳಗಿನ ಡೈಪರಿನ ಹೊರಪದರ ಪ್ಲಾಸ್ಟಿಕ್ ಆದ್ದರಿಂದ ಮೂತ್ರ ಹೊರಗಿನದಕ್ಕೆ ದಾಟುವುದೇ ಇಲ್ಲ, ಉಳಿಯುವುದು ಬಿಸಿ ಮತ್ತು ಬೆವರು ಮಾತ್ರ. ಹಗಲು ಹಾಸಿಗೆಯಲ್ಲಿರುವಾಗ ಡೈಪರನ್ನು ಕಟ್ಟದೆ ಬಿಚ್ಚಿ ಅಡಿಗೆ ಹಾಸಿ, ಮೇಲೆ ಸಡಿಲವಾದ ಹೊದಿಕೆ ಹೊದಿಸಿ; ಗಾಳಿ ತಾಗಲಿ. ಗಾಳಿಯಾಡುವ ಗುಣಮಟ್ಟದ್ದು ಒಂದು ಸಾಕು, ರಾತ್ರಿ ಮಗ್ಗುಲು ಬದಲಾಯಿಸಲು ಎದ್ದಾಗ ಅದನ್ನೂ ನೋಡಿ. ನೋಡಲು ಬಂದವರು ಮೂತ್ರಕ್ಕೆ ನಳಿಕೆ ಹಾಕಿಸಿಬಿಡಿ ಎಂದೂ ಹೇಳಬಹುದು. ಚರ್ಮಕ್ಕಷ್ಟೇ ಒಳಗಿನ ನಳಿಕೆ ಹಾಕಿಸುವುದು ಮೂತ್ರಕೋಶಕ್ಕೆ ಸೋಂಕನ್ನು ಕರೆತರುವ ಬಾಗಿಲು. ತೀರಾ ಆಳವಾದ ಹುಣ್ಣಿದ್ದಾಗ ವೈದ್ಯರು ಕೆಲವು ದಿನದ ಮಟ್ಟಿಗೆ ಹಾಕಬಹುದು, ಅದು ಬೇರೆ ವಿಷಯ.

ಲಕ್ವವಾದ ಮೇಲೆ ಹತೋಟಿ ಮರಳಿ ಬರುವ ಸಾಧ್ಯತೆ ಇದ್ದೇ ಇರುತ್ತದೆ, ಅದನ್ನು ಪ್ರಯತ್ನಿಸದೆ ಬಿಡಬಾರದು. ಹಗಲು ಎರಡು ಗಂಟೆಗೊಮ್ಮೆ ಬೆಡ್‌ಪ್ಯಾನ್ ಕೊಟ್ಟು ನೋಡಿ. ಬೆಳಗಿನ ತಿಂಡಿಯಾದ ಇಪ್ಪತ್ತು ಮೂವತ್ತು ನಿಮಿಷದೊಳಗೆ ಕರುಳು ತಾನಾಗಿ ಚಲಿಸುತ್ತದೆ, ಆ ಹೊತ್ತಿಗೆ ಹಿಡಿದು ಕೂರಿಸಿದರೆ ಎಷ್ಟೋ ಸಲ ಡೈಪರ್ ಕೊಳೆಯಾಗದೆ ಮಲ ಹೊರಹೋಗುತ್ತದೆ. ಪದೇ ಪದೇ ಒದ್ದೆಯಾಗದಿರಲಿ ಎಂದು ಕುಡಿಯುವ ನೀರನ್ನು ಮಾತ್ರ ಕಡಿಮೆ ಮಾಡಬೇಡಿ. ಮೂತ್ರ ಗಾಢವಾಗಿ ಇನ್ನಷ್ಟು ಉರಿಯುತ್ತದೆ, ಮಲ ಇನ್ನಷ್ಟು ಗಟ್ಟಿಯಾಗುತ್ತದೆ. ಕಾಫಿಯ ನಾಡಿನಲ್ಲಿ ಈ ಮಾತು ಕಷ್ಟವೆಂದು ಗೊತ್ತು, ಆದರೂ ಸಂಜೆಯ ಕಾಫಿ ಮೂತ್ರಕೋಶವನ್ನು ಕೆಣಕುವುದರಿಂದ ಅದನ್ನು ಬೆಳಗಿಗೆ ಸರಿಸಿ. ಗಾಯ ಮಾಯಲು ಪ್ರೋಟೀನ್ ಬೇಕು: ಮೊಟ್ಟೆ, ಹೆಸರುಬೇಳೆ, ಮೊಸರು. ನುಂಗುವುದು ಸುರಕ್ಷಿತವೋ ಎಂದು ವೈದ್ಯರು ನೋಡಿದ್ದಾರೆಯೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ.

ಸರಿಯಾದ ಆರೈಕೆ ಶುರುವಾದರೆ ಒಂದೆರಡು ದಿನದಲ್ಲಿ ನೋವು ತಗ್ಗಬೇಕು, ಒಂದೆರಡು ವಾರದಲ್ಲಿ ಚರ್ಮ ಮುಚ್ಚಿಕೊಳ್ಳಬೇಕು. ಮೂರು ನಾಲ್ಕು ದಿನವಾದರೂ ತಿಲಮಾತ್ರ ಸುಧಾರಿಸದಿದ್ದರೆ ವೈದ್ಯರನ್ನು ಕಾಣಿ. ಜ್ವರ ಬಂದರೆ, ಕೀವಾದರೆ, ಕೆಟ್ಟ ವಾಸನೆ ಬಂದರೆ, ಕೆಂಪು ಬೇಗ ಹರಡಿದರೆ, ಮಲದಲ್ಲಿ ರಕ್ತ ಕಂಡರೆ, ಹೊಟ್ಟೆ ಉಬ್ಬಿ ವಾಂತಿಯಾದರೆ ಅಥವಾ ಮೂತ್ರ ನಿಂತರೆ ಕಾಯದೆ ಅಂದೇ ಆಸ್ಪತ್ರೆಗೆ ಹೋಗಿ. ವಾಹನ ಬೇಕಾದರೆ 108, ಸಲಹೆಗೆ 104. ತೊಳೆಯುವ ಮುಂಚೆ ನೋವಿನ ಮಾತ್ರೆ ಕೊಡಬಹುದೇ ಎಂದೂ ವೈದ್ಯರನ್ನು ಕೇಳಿ. ಅರ್ಧ ಗಂಟೆ ಮೊದಲು ಕೊಟ್ಟ ಪ್ಯಾರಾಸಿಟಮಾಲ್ ಎಷ್ಟೋ ಜನರಿಗೆ ಆ ಹತ್ತು ನಿಮಿಷವನ್ನು ಸಹ್ಯವಾಗಿಸುತ್ತದೆ. ಮಲಬದ್ಧತೆಯ ಪರೀಕ್ಷೆ ಈ ವಾರದಲ್ಲೇ ಆಗಲಿ. ಅದರಲ್ಲಿ ಏನು ಕಂಡಿತೆಂದು, ದಿನಕ್ಕೆ ಎಷ್ಟು ಸಲ ಮಲವಾಗುತ್ತಿದೆ ಎಂದು ನನಗೆ ಬರೆಯಿರಿ. ಗಟ್ಟಿಮಲ ಸಿಕ್ಕಿದ್ದರೆ ಅದನ್ನು ತೆರವುಗೊಳಿಸಿದ ನಂತರದ ದಿನಚರಿ ಬೇರೆಯದೇ ಆಗುತ್ತದೆ, ಅದನ್ನು ಆಗ ವಿವರವಾಗಿ ಹೇಳುತ್ತೇನೆ.